ಎತ್ತದ ಮಚ್ಚು

ನವೆಂಬರ್ ೪, ಸೋಮವಾರ

ಇವತ್ತಿನ ಸಭೆಯಲ್ಲಿ ನಾನು ಒಂದು ಮಾತೂ ಆಡಲಿಲ್ಲ. ಆಡಬೇಕಾಗಿದ್ದುದನ್ನೆಲ್ಲ ಇಲ್ಲಿ ಬರೆಯುತ್ತೇನೆ. 

ರಾಯದುರ್ಗದ ನಮ್ಮ ಕನ್ನಡ ಸಂಘ ಪ್ರತಿ ವರ್ಷ ಒಬ್ಬರಿಗೆ ‘ಗಡಿನಾಡ ಕಲಾಗೌರವ’ ಕೊಡುತ್ತದೆ. ಈ ವರ್ಷದ ಕಾರ್ಯಕ್ರಮ ಡಿಸೆಂಬರ್ ಒಂದಕ್ಕೆ. ಯಾರೋ ಸಿನಿಮಾ ನಿರ್ದೇಶಕ ಶಶಿಧರ ಗುಡೇಕೋಟೆಯವರ ಹೆಸರು ಹೇಳಿದರು. ಅಧ್ಯಕ್ಷರಾದ ರವಿಶಂಕರ ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೈಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು ಅವರೇ. ಅವರು ಕನ್ನಡಕ ತೆಗೆದರೆ ತೀರ್ಪು ಬಂತೆಂದೇ ಅರ್ಥ.

“ಆ ಮನುಷ್ಯ ಕಮರ್ಷಿಯಲ್ ಡೈರೆಕ್ಟರ್ ಅಪ್ಪಾ. ನಮ್ಮ ಬೈಲಾದಾಗ ಏನೈತಿ? ಕಮರ್ಷಿಯಲ್ ಸಿನಿಮಾದವ್ರಿಗೆ ಈ ಗೌರವ ಇಲ್ಲ. ಹೋದ ವರ್ಷದ ಪಿಕ್ಚರಿನಾಗ ಹೀರೋ ಜೆಸಿಬಿ ಎತ್ತಿ ಒಗೀತಾನ್ರಿ, ಜೆಸಿಬಿ!”

ಎಲ್ಲರೂ ನಕ್ಕರು. ನನಗೆ ಕಿವಿ ಬಿಸಿಯಾಯಿತು.

ಜೆಸಿಬಿ ಎತ್ತಿಸುವುದಕ್ಕಿಂತ ಎಷ್ಟೋ ಮೊದಲು ಇದೇ ಮನುಷ್ಯ ‘ಉಪ್ಪಿನ ಬಂಡಿ’ ಮಾಡಿದ್ದಾರೆ. ನಾನಾಗ ಮೂರನೇ ಕ್ಲಾಸು, ನಮ್ಮೂರ ಹಳೇ ಟಾಕೀಸಿನಲ್ಲಿ ಅಮ್ಮನ ಪಕ್ಕ ಕೂತು ನೋಡಿದ್ದು. ಅಣ್ಣನನ್ನು ಕೊಂದವನ ಮನೆಗೆ ತಮ್ಮ ಮಚ್ಚು ಹಿಡಿದು ಹೋಗುತ್ತಾನೆ. ಒಳಗೆ ಆ ಕೊಲೆಗಾರ ತನ್ನ ಮಗುವಿಗೆ ಅನ್ನ ಉಣ್ಣಿಸುತ್ತಿದ್ದಾನೆ. ತಮ್ಮ ಬಾಗಿಲಲ್ಲಿ ನಿಂತು ನೋಡುತ್ತಾನೆ. ಅವನ ಮುಖ, ಅಷ್ಟೇ. ಮರುಕ್ಷಣ ಅವನು ಕೆರೆಯಲ್ಲಿ ಕೈ ತೊಳೆಯುತ್ತಿರುತ್ತಾನೆ. ನೀರು ಕೆಂಪಾಗುವುದಿಲ್ಲ. ಸಿನಿಮಾ ಮುಗಿಯಿತು. ಮಚ್ಚು ಎತ್ತದೆ ವಾಪಸು ಬಂದವನ ಕಥೆಯನ್ನು ಹೀಗೆ ಬಾಯಿಬಿಡದೆ ಹೇಳಿದವರು ಬೇರೆ ಯಾರಿದ್ದಾರೆ? ನಾನು ಎಂ.ಎ. ಕನ್ನಡಕ್ಕೆ ಹೋದದ್ದೇ ಆ ಮುಖದಲ್ಲಿ ಏನಿತ್ತೆಂದು ತಿಳಿಯಲು. ಇಂಥ ಸಿನಿಮಾಕ್ಕೆ ಕಲ್ಟ್ ಅನ್ನದೆ ಇನ್ನೇನನ್ನಬೇಕು?

ಸಭೆ ಮುಗಿದ ಮೇಲೆ ಮೇಷ್ಟ್ರಿಗೆ ಒಂದು ಚೀಟಿ ಕೊಟ್ಟೆ: ‘ಅವರು ಕಮರ್ಷಿಯಲ್ ಅಲ್ಲ. ಬರೆದು ತೋರಿಸುತ್ತೇನೆ.’ ಎದುರಿಗೆ ನಿಂತಿದ್ದವಳು ಚೀಟಿ ಕೊಟ್ಟಳಲ್ಲ ಎಂದು ಅವರಿಗೆ ನಗು.

“ಬರಿಯವ್ವ ಚಂದ್ರಕಲಾ. ಕಮಿಟಿ ಒಪ್ಪಿದ್ರ ಅವರನ್ನ ಕರಸೋಣ. ಆದ್ರ ಅವರ ಎದುರಿಗೆ ನೀನೇ ಓದಬೇಕು. ಅಲ್ಲಿ ಚೀಟಿ ನಡಿಯಂಗಿಲ್ಲ.”

ನವೆಂಬರ್ ೬

ಮನೆಯ ಸಿಡಿಯನ್ನು ಮತ್ತೆ ನೋಡಿದೆ. ‘ಉಪ್ಪಿನ ಬಂಡಿ’ ಟಿವಿಯಲ್ಲಿ ಬಂದಿಲ್ಲ, ಫೋನಿನಲ್ಲೂ ಸಿಗುವುದಿಲ್ಲ. ನಿರ್ಮಾಪಕರು ತೀರಿಕೊಂಡ ಮೇಲೆ ಹಕ್ಕು ಯಾರದೆಂದು ಇಷ್ಟು ವರ್ಷ ಕೋರ್ಟಿನಲ್ಲಿತ್ತಂತೆ. ನಮ್ಮಲ್ಲಿರುವುದು ಆಗ ಯಾರೋ ನಮ್ಮ ಟಾಕೀಸಿನಲ್ಲೇ ಕ್ಯಾಮೆರಾ ಇಟ್ಟು ಕದ್ದು ತೆಗೆದದ್ದು. ಕೆಳಗೆ ಎರಡು ತಲೆಗಳು ಕಾಣುತ್ತವೆ, ಒಂದಕ್ಕೆ ರುಮಾಲಿದೆ. ನಲವತ್ತು ಸಲವಾದರೂ ನೋಡಿದ್ದೇನೆ.

ನೋಡಿದಾಗಲೆಲ್ಲ ಒಂದು ಜಾಗದಲ್ಲಿ ನನಗೆ ಸಿಟ್ಟು ಬರುತ್ತದೆ. ತಮ್ಮ ಬಾಗಿಲಲ್ಲಿ ನಿಂತಿದ್ದಾನೆ, ಆಮೇಲೆ ಕೆರೆ. ಆ ಘಳಿಗೆಗೆ ಸರಿಯಾಗಿ ಟಾಕೀಸಿನಲ್ಲಿ ಒಬ್ಬ ಕೂಗುತ್ತಾನೆ: “ಸಿಗ್ತೈತೆಲೇ ಬಸ್ಸು!” ಜನ ಚಪ್ಪಾಳೆ ತಟ್ಟುತ್ತಾರೆ! ಅಂಥ ಮೌನದ ಮೇಲೆ ಬಸ್ಸಿನ ಮಾತು! ಇಂಥ ಪ್ರೇಕ್ಷಕರನ್ನು ಕಟ್ಟಿಕೊಂಡು ಗುಡೇಕೋಟೆಯವರಾದರೂ ಏನು ಮಾಡಿಯಾರು? ಕೊನೆಗೆ ಜೆಸಿಬಿ ಎತ್ತಿಸಬೇಕಾಯಿತು. ಅದು ಅವರ ತಪ್ಪಲ್ಲ, ಈ ಜನರ ತಪ್ಪು. ಇದನ್ನೂ ಲೇಖನದಲ್ಲಿ ಬರೆದೆ. ಶೀರ್ಷಿಕೆ: ‘ಎತ್ತದ ಮಚ್ಚು’.

ನವೆಂಬರ್ ೯

ಲಲಿತಾ ಬಂದಿದ್ದಳು. ಹೈಸ್ಕೂಲಿನಿಂದ ಗೆಳತಿ. ಗುಮ್ಮಘಟ್ಟದ ಹತ್ತಿರದ ಹಳ್ಳಿಯಿಂದ ದಿನಾ ಶೇರ್ ಆಟೋದಲ್ಲಿ ಬಂದು ಇಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತಾಳೆ. ಅವಳ ಮನೆಯಲ್ಲಿ ಕುರಿಯಷ್ಟೇ ಗುಡೇಕೋಟೆ ಅಭಿಮಾನಿಗಳೂ ಇದ್ದಾರೆ. ಜೆಸಿಬಿ ಸಿನಿಮಾವನ್ನು ಮೂರು ಸಲ ನೋಡಿದ್ದಾಳೆ. ಲೇಖನದ ಎರಡು ಪುಟ ಓದಿ ಹೇಳಿದೆ. ಅವಳು ಬೆರಳಿಗೆ ಅಂಟಿದ್ದ ನೀಲಿ ದಾರ ಕೀಳುತ್ತ ಕೇಳಿದಳು.

“ನಿನಗ ಸೇರಿದ್ರ ಕಲ್ಟು, ನಮಗ ಸೇರಿದ್ರ ಕಮರ್ಷಿಯಲ್ಲು. ಅಲ್ಲೇನಲೇ?”

“ಹಂಗಲ್ಲ. ಅದು ಬೇರೆ, ಇದು ಬೇರೆ.”

“ಏನ್ ಬ್ಯಾರೆ? ನೀ ಸಿಳ್ಳೆ ಹೊಡಿಯಂಗಿಲ್ಲ, ನಾವು ಹೊಡೀತೀವಿ. ಅಷ್ಟ ಬ್ಯಾರೆ.”

ಇಂಥದಕ್ಕೆ ಏನು ಉತ್ತರ? ಅವಳು ಹೋದ ಮೇಲೆ ಎಂಟು ಉತ್ತರ ಹೊಳೆದವು.

ನವೆಂಬರ್ ೧೩

ಕಮಿಟಿ ಒಪ್ಪಿದೆ! ಮೇಷ್ಟ್ರು ಲೇಖನವನ್ನು ಎರಡು ಸಲ ಓದಿದರಂತೆ. ಗುಡೇಕೋಟೆಯವರು ಬರಲು ಒಪ್ಪಿದ್ದಾರೆ. ಕೋರ್ಟಿನ ಗಲಾಟೆ ಮುಗಿದು ‘ಉಪ್ಪಿನ ಬಂಡಿ’ಯ ಹೊಸ ಪ್ರತಿ ತಯಾರಾಗಿದೆಯಂತೆ, ಅದನ್ನೇ ಅಂದು ತೋರಿಸುವುದು. ನನ್ನ ಲೇಖನ ಸಣ್ಣ ಪುಸ್ತಕವಾಗಿ ಮುನ್ನೂರು ಪ್ರತಿ ಅಚ್ಚಿಗೆ ಹೋಯಿತು. ನನ್ನ ಹೆಸರು ಅಚ್ಚಾಗುವುದು ಇದೇ ಮೊದಲು. ಅಮ್ಮ ಪ್ರೆಸ್ಸಿನವರಿಗೆ ಹೆಸರಿನ ಅಕ್ಷರ ದೊಡ್ಡದು ಮಾಡಲು ಹೇಳಿ ಬಂದಿದ್ದಾಳೆ. ನಾಚಿಕೆಯಾಯಿತು. ಬೇಡ ಅನ್ನಲಿಲ್ಲ.

ನವೆಂಬರ್ ೧೭, ಭಾನುವಾರ. ಮಡಕಶಿರಾ

ಮರುಳಪ್ಪ ಮಾವನ ಹೊಸ ಮನೆಯ ಗೃಹಪ್ರವೇಶ. ಮಾವ ಅಮ್ಮನ ತಮ್ಮ. ಅಮ್ಮ ಬಂದವರಿಗೆಲ್ಲ ನನ್ನ ಪುಸ್ತಕದ ವಿಷಯ ಹೇಳುತ್ತಿದ್ದಳು. ಊಟಕ್ಕೆ ಕೂತಾಗ ಮಾವ ಎಲೆಯ ಮೇಲೆ ಕೈ ಆಡಿಸುತ್ತ ಅಂದರು:

“ಉಪ್ಪಿನ್ ಬಂಡಿನಾ? ಅಬ್ಬಬ್ಬ, ಏನ್ ಫೈಟ್ ಕಣವ್ವ ಅದು! ಅಂಥ ಫೈಟ್ ಆಮೇಲೆ ಬರ್ಲೇ ಇಲ್ಲ.”

“ಅದರಲ್ಲಿ ಫೈಟ್ ಇಲ್ಲ ಮಾವ.”

“ಇಲ್ವಾ? ಬಂಡಿ ಚಕ್ರ ಕಿತ್ಕಂಡು ಒಡೀತಾನಲ್ಲ! ಮೂವತ್ತ್ ಜನಾನ!”

“ಬೇರೆ ಸಿನಿಮಾ ಇರಬೇಕು.”

“ಲೇ, ಕೇಳಮ್ಮಿ ನಮ್ಮತ್ತೇನ. ಅತ್ತೆ, ಉಪ್ಪಿನ್ ಬಂಡೀಲಿ ಚಕ್ರ ಕೀಳ್ತಾನೋ ಇಲ್ವೋ?”

ಎಪ್ಪತ್ತು ದಾಟಿದ ಕಾಟಮ್ಮಜ್ಜಿ ಎದುರು ಸಾಲಿನಿಂದ, “ಕೀಳ್ತಾನೆ. ಮನೆ ಬಾಗ್ಲಾಗೇ. ಆ ಮಗು ಅಳ್ತದೆ, ಪಾಪ” ಎಂದಳು.

ಆ ಮಗು! ಬೇರೆ ಸಿನಿಮಾದಲ್ಲಿ ಆ ಮಗು ಹೇಗೆ ಬಂತು? ಪಾಯಸ ಬಿಟ್ಟು ಎದ್ದೆ. ಇವರೆಲ್ಲ ಹದಿನೈದು ವರ್ಷದಲ್ಲಿ ನೂರು ಸಿನಿಮಾ ನೋಡಿ ಕಲಸಿಕೊಂಡಿದ್ದಾರೆ, ಅಷ್ಟೆ. ಒಂದು ಸೂಕ್ಷ್ಮವಾದ ಸಿನಿಮಾವನ್ನು ಕೊಟ್ಟರೆ ಅದಕ್ಕೆ ತಾವೇ ಒಂದು ಫೈಟು ಸೇರಿಸಿಕೊಂಡು ನೆನಪಿಟ್ಟುಕೊಳ್ಳುವ ಜನ!

ನವೆಂಬರ್ ೨೦

ಹೊಸ ಪ್ರತಿಯ ಪೆನ್‌ಡ್ರೈವ್ ಬಂತು. ಮೇಷ್ಟ್ರ ಮನೆಯಲ್ಲಿ ನೋಡಿದೆ.

ಫೈಟ್ ಇದೆ.

ಒಂಬತ್ತು ನಿಮಿಷ. ತಮ್ಮ ಬಾಗಿಲಲ್ಲಿ ನಿಂತಿದ್ದಾನೆ, ಮಚ್ಚು ಕೆಳಗೆ ಬೀಳುತ್ತದೆ, ಹಿಂದಿನಿಂದ ಮೂವತ್ತು ಜನ ನುಗ್ಗುತ್ತಾರೆ, ಅವನು ಬಂಡಿಯ ಚಕ್ರ ಕೀಳುತ್ತಾನೆ. ಉಪ್ಪು ಹಿಮದಂತೆ ಹಾರುತ್ತದೆ. ಮಗು ಅಳುತ್ತದೆ. ಆಮೇಲೆ ಕೆರೆ. ಅವನು ತೊಳೆಯುತ್ತಿದ್ದದ್ದು ಉಪ್ಪನ್ನು.

ನನ್ನ ಏಳನೇ ಪುಟದಲ್ಲಿದೆ: ‘ಇಲ್ಲಿ ನಿರ್ದೇಶಕರು ಹಿಂಸೆಯನ್ನು ತೋರಿಸಲು ನಿರಾಕರಿಸುತ್ತಾರೆ.’ ಮುನ್ನೂರು ಪ್ರತಿ.

ನವೆಂಬರ್ ೨೧

ಟಾಕೀಸಿನ ಆಪರೇಟರ್ ಆಗಿದ್ದ ತಿಪ್ಪೇರುದ್ರಪ್ಪನವರು ಈಗ ಬಸ್ ಸ್ಟ್ಯಾಂಡಿನ ಪಕ್ಕ ಸೈಕಲ್ ಸ್ಟ್ಯಾಂಡ್ ನೋಡಿಕೊಳ್ಳುತ್ತಾರೆ. ಟಾಕೀಸು ಈಗ ಜೀನ್ಸ್ ಬಟ್ಟೆಯ ಗೋದಾಮು. ಸಿಟ್ಟಿನಲ್ಲಿ ಹೋಗಿದ್ದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಜೋಡಿಸಿಕೊಂಡಿದ್ದೆ. ಅಲ್ಲಿ ಬಾಯಿಗೆ ಬಂದದ್ದು ಇಷ್ಟೇ: “ಉಪ್ಪಿನ ಬಂಡಿ ಫೈಟ್ ಏನಾತ್ರಿ?”

ಅವರು ಒಬ್ಬರಿಗೆ ಟೋಕನ್ ಕೊಟ್ಟು ನನ್ನ ಕಡೆ ತಿರುಗಿದರು. ಹಳೇ ನೆಂಟರ ಬಗ್ಗೆ ಕೇಳಿದಂತೆ ಮುಖ ಅರಳಿತು.

“ಕತ್ತರಿಸಿದ್ದೆನವ್ವ. ನಾನ.”

“ಯಾಕ್ರಿ?”

“ಒಂಬತ್ತಕ್ಕ ಗುಮ್ಮಘಟ್ಟದ ಕೊನೇ ಬಸ್ಸು. ಫಸ್ಟ್ ಶೋನೂ ಒಂಬತ್ತಕ್ಕ ಬಿಟ್ರ ಆ ಮ್ಯಾಗಳ ಹಳ್ಳಿ ಜನ ಹೆಂಗ ಹೋಗಬೇಕು? ಬರೋದ ಬಿಟ್ಟುಬಿಡ್ತಾರ. ಅದಕ್ಕ ಉದ್ದ ಪಿಕ್ಚರ್ ಬಂದ್ರ ಮದಲ ಎರಡು ಶೋ ಪೂರಾ ನೋಡ್ತಿದ್ದೆ. ಎಲ್ಲಿ ತಗದ್ರ ನೋವಾಗಂಗಿಲ್ಲ ಅಂತ. ತಗದು, ತುದಿಗೆ ತುದಿ ಅಂಟಿಸಿ, ಪಿಕ್ಚರ್ ಊರು ಬಿಡುವಾಗ ಮತ್ತ ಜೋಡಿಸಿ ಡಬ್ಬಿಗೆ ಹಾಕ್ತಿದ್ದೆ. ಒಂದು ಇಂಚು ಕಳದಿಲ್ಲ ನಾನು.”

“ಜನ ಬೈಲಿಲ್ಲೇನ್ರಿ?”

“ಬೈದ್ರು. ಆಮ್ಯಾಲ ಬಸ್ ಸಿಗ್ತಲ್ಲ, ಚಪ್ಪಾಳಿ ಹೊಡದ್ರು.”

ಆ ಚಪ್ಪಾಳೆ. ನಲವತ್ತು ಸಲ ಕೇಳಿದ್ದೇನೆ.

“ಹಾಡೂ ಇದ್ದುವಲ್ರಿ ಅದರಾಗ. ಇದನ್ನ ಯಾಕ ತಗದ್ರಿ?”

ಅವರು ವಾಲಿದ್ದ ಒಂದು ಸೈಕಲ್ಲನ್ನು ನೆಟ್ಟಗೆ ನಿಲ್ಲಿಸಿದರು. “ಆ ಹುಡುಗ ಬಾಗಲದಾಗ ನಿಂತಿದ್ನಲ್ಲ, ಆ ಮಾರಿ ನೋಡಿದ ಮ್ಯಾಲ ನನಗ ಅನ್ನಿಸ್ತು, ಇದು ಹೊಡಿಯೋನ ಮಾರಿ ಅಲ್ಲ ಅಂತ. ಟೈಮೂ ಸರಿಹೋತು, ಒಂಬತ್ತು ನಿಮಿಷ.”

ಬೈಯಲೆಂದು ಹೋದವಳು ಚಹಾ ಕುಡಿದು ಬಂದೆ. ಯಾಕೆ ಬೈಯಲಿಲ್ಲವೋ ಗೊತ್ತಿಲ್ಲ. ನನ್ನ ಹೇಡಿತನವೇ ಇರಬೇಕು.

ನವೆಂಬರ್ ೨೨

ಮೇಷ್ಟ್ರಿಗೆ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದರು, ಹಾಕಿಕೊಂಡರು, ಮತ್ತೆ ತೆಗೆದರು.

“ಇನ್ವಿಟೇಷನ್ ಹಂಚೇವಿ. ಪುಸ್ತಕ ಅಚ್ಚಾಗೇತಿ. ಈಗ ಅವರು ಕಮರ್ಷಿಯಲ್ ಅಂದ್ರ ನಮ್ಮ ಮಾನ ಹೋಗ್ತೈತವ್ವ.” ಸ್ವಲ್ಪ ಯೋಚಿಸಿ, “ನಿನ್ನ ಟೈಟ್ಲೇನು ಸುಳ್ಳಲ್ಲ ಬಿಡು. ಮಚ್ಚು ಎತ್ತಿಲ್ಲ, ಎತ್ತಿದ್ದು ಚಕ್ರ” ಎಂದರು.

ನನಗೆ ನಗು ಬರಲಿಲ್ಲ. ಆಮೇಲೆ ದನಿ ಇಳಿಸಿ ಅಂದರು: “ಒಂದು ಕೆಲಸ ಮಾಡೋಣು. ಕಂಪ್ಯೂಟರಿನಾಗ ಆ ಒಂಬತ್ತು ನಿಮಿಷ ತಗದುಬಿಡೋಣು. ಡೈರೆಕ್ಟರಿಗೆ ಹಾರ ಹಾಕಿ, ಊಟಕ್ಕ ಅಂತ ಇಂಟರ್‌ವಲ್‌ನಾಗ ಕರಕೊಂಡು ಹೋದ್ರಾತು. ನಿನ್ನ ಲೇಖನಾನೂ ಉಳೀತೈತಿ, ಸಂಘಾನೂ ಉಳೀತೈತಿ.”

ಸಂಧಿ ಸಮಾಸ ತಪ್ಪಿದರೆ ಕಿವಿ ಹಿಂಡುತ್ತಿದ್ದವರು ಇವರೇ! ತಿಪ್ಪೇರುದ್ರಪ್ಪನವರು ಜನಕ್ಕೆ ಬಸ್ಸು ಸಿಗಲೆಂದು ಕತ್ತರಿಸಿದರು. ಇವರು ಕತ್ತರಿಸುವುದು ಯಾರಿಗಾಗಿ? ನನ್ನ ಹದಿನೆಂಟು ಪುಟಕ್ಕಾಗಿ?

“ಇಲ್ರಿ ಸರ್. ಬ್ಯಾಡ್ರಿ” ಎಂದೆ.

“ಹಂಗಾರ ಅವರ ಎದುರಿಗೆ ಏನ್ ಓದ್ತಿ?”



ನವೆಂಬರ್ ೨೬

ಒಂದು ತಿದ್ದುಪಡಿ ಚೀಟಿ ಬರೆದು ಜೆರಾಕ್ಸ್ ಮಾಡಿಸಿದೆ: ‘ಈ ಪುಸ್ತಕದ ೭ನೇ ಪುಟದಿಂದ ಮುಂದೆ ನಿರ್ದೇಶಕರು ಎಂದಿರುವ ಕಡೆಯಲ್ಲೆಲ್ಲ ಆಪರೇಟರ್ ತಿಪ್ಪೇರುದ್ರಪ್ಪನವರು ಎಂದು ಓದಿಕೊಳ್ಳಬೇಕು.’ ಲಲಿತಾ ಎರಡು ಸಂಜೆ ಬಂದು ಗೋಂದು ಹಚ್ಚಿ ಕೊಟ್ಟಳು. ಮುನ್ನೂರಕ್ಕೂ ಅಂಟಿಸಿಯಾಯಿತು. ಮೇಷ್ಟ್ರಿಗೆ ಇನ್ನೂ ತೋರಿಸಿಲ್ಲ.

ನವೆಂಬರ್ ೩೦

ನಾಳೆ. ಹೇಳಬೇಕಾದ್ದನ್ನು ಕನ್ನಡಿಯ ಮುಂದೆ ಮೂರು ಸಲ ಹೇಳಿಕೊಂಡೆ.

ಡಿಸೆಂಬರ್ ೨, ಸೋಮವಾರ

ನಿನ್ನೆಯದನ್ನು ಕ್ರಮವಾಗಿ ಬರೆಯಲು ನೋಡುತ್ತೇನೆ.

ಭವನ ತುಂಬಿತ್ತು. ಮುಂದಿನ ಎರಡು ಸಾಲು ಸಂಘದವರು, ಹಿಂದೆಲ್ಲ ಹಳ್ಳಿಗಳಿಂದ ಬಂದವರು. ಲಲಿತಾಳ ಕಡೆಯವರೇ ಇಪ್ಪತ್ತು ಜನ, ಅವರ ಪಕ್ಕ ನಾನು ಕರೆದಿದ್ದ ತಿಪ್ಪೇರುದ್ರಪ್ಪನವರು. ಗುಡೇಕೋಟೆಯವರು ನಾನು ಅಂದುಕೊಂಡದ್ದಕ್ಕಿಂತ ಕುಳ್ಳಗಿದ್ದರು. ಹಾರ, ಶಾಲು ಆಯಿತು. ಮೇಷ್ಟ್ರು ನನ್ನ ಹೆಸರು ಕರೆದರು. ಲೇಖನ ಕೈಯಲ್ಲಿತ್ತು, ಓದಲಿಲ್ಲ. ನಾನು ಬರೆದದ್ದು ನಿರ್ದೇಶಕರು ಮಾಡಿದ ಸಿನಿಮಾದ ಬಗ್ಗೆ ಅಲ್ಲ, ರಾಯದುರ್ಗದಲ್ಲಿ ಓಡಿದ ಸಿನಿಮಾದ ಬಗ್ಗೆ, ಅದರ ಒಂಬತ್ತು ನಿಮಿಷವನ್ನು ತಿಪ್ಪೇರುದ್ರಪ್ಪನವರು ತೆಗೆದಿದ್ದರು, ಅದು ನನಗೆ ಗೊತ್ತಿರಲಿಲ್ಲ, ತಪ್ಪು ನನ್ನದು ಎಂದೆ. ಅಷ್ಟು ಹೇಳಿ ಕೂರುವುದೆಂದಿದ್ದೆ.

ಗುಡೇಕೋಟೆಯವರು ಮೈಕು ತೆಗೆದುಕೊಂಡರು. ನಗುತ್ತಲೇ ಇದ್ದರು.

“ಹನ್ನೊಂದು ದಿನ ಮೇಡಂ! ಆ ಫೈಟಿಗೆ ಹನ್ನೊಂದು ದಿನ ಬಿಸಿಲಲ್ಲಿ ಶೂಟಿಂಗ್ ಮಾಡಿದ್ದೀನಿ. ನನ್ನ ಜೀವಮಾನದಲ್ಲೇ ಒಳ್ಳೇ ಫೈಟ್ ಅದು. ಕತ್ತರಿ ಹಾಕಿದ ಮಹಾನುಭಾವರು ಇಲ್ಲೇ ಇದ್ದಾರಾ? ಎದ್ದು ನಿಲ್ಲಿ ಸ್ವಾಮಿ, ಮುಖ ನೋಡೋಣ.”

ಮುಂದಿನ ಸಾಲಿನವರು ನಕ್ಕರು. ತಿಪ್ಪೇರುದ್ರಪ್ಪನವರು ಹೆಗಲ ಮೇಲಿನ ಟವೆಲ್ ಕೈಗೆ ತೆಗೆದುಕೊಂಡು ಎದ್ದು ನಿಂತರು, ಹೋಂವರ್ಕ್ ಮಾಡದ ಹುಡುಗನ ಹಾಗೆ.

ಆಮೇಲಿನದು ಲಲಿತಾ ಹೇಳಿದ್ದು. ನನಗೆ ಮೈಕು ತಣ್ಣಗಿದ್ದದ್ದಷ್ಟೇ ನೆನಪಿದೆ.

“ಸರ್, ಗುಮ್ಮಘಟ್ಟಕ್ಕ ಕೊನೇ ಬಸ್ ಎಷ್ಟಕ್ಕ ಅಂತ ನಿಮಗ ಗೊತ್ತೇನ್ರಿ?” ಎಂದೆನಂತೆ. “ಒಂಬತ್ತಕ್ಕ. ಅದು ತಪ್ಪಿದ್ರ ಈ ಜನ ಕತ್ತಲದಾಗ ನಡಕೊಂಡು ಹೋಗಬೇಕು. ಇವರೆಲ್ಲ ನಿಮ್ಮ ಪಿಕ್ಚರ್ ಕೊನೇತನಕ ನೋಡಿದ್ದು ಈ ಮನುಷ್ಯನಿಂದ. ಅವರು ಯಾಕ ನಿಲ್ಲಬೇಕ್ರಿ? ತಿಪ್ಪೇರುದ್ರಪ್ಪನವರ, ಕೂಡ್ರಿ. ನೀವು ಕೂಡ್ರಿ.”

ಹಿಂದಿನಿಂದ ಸಿಳ್ಳೆ ಬಿದ್ದದ್ದು ನನಗೂ ಕೇಳಿಸಿತು. ತಿಪ್ಪೇರುದ್ರಪ್ಪನವರು ಕೂತರು.

ಸಿನಿಮಾ ಶುರುವಾದಾಗ ಆರೂ ಇಪ್ಪತ್ತು. ನಾನು ತಿಪ್ಪೇರುದ್ರಪ್ಪನವರ ಪಕ್ಕ ಕೂತೆ. ಹೊಸ ಪ್ರತಿಯಲ್ಲಿ ರುಮಾಲಿನ ತಲೆ ಇಲ್ಲ, ಏನೋ ಕಳೆದುಹೋದಂತಿತ್ತು. ತಮ್ಮ ಬಾಗಿಲಲ್ಲಿ ನಿಲ್ಲುವ ಹೊತ್ತಿಗೆ ಒಂಬತ್ತಕ್ಕೆ ಇನ್ನು ಕಾಲು ಗಂಟೆ. ಫೈಟ್ ಶುರುವಾಯಿತು. ಚಕ್ರ ಎದ್ದಿತು, ಸಿಳ್ಳೆ ಎದ್ದವು, ಸಿಳ್ಳೆ ಹೊಡೆಯುತ್ತಲೇ ಜನವೂ ಎದ್ದರು. ಒಬ್ಬರ ಹಿಂದೆ ಒಬ್ಬರು, ತೆರೆಯನ್ನು ನೋಡುತ್ತ ಹಿಂದೆ ಹಿಂದೆ ನಡೆದು ಬಾಗಿಲು ದಾಟಿದರು. ಗುಡೇಕೋಟೆಯವರು ಎದ್ದು ಓಡಿ ಬಾಗಿಲಲ್ಲಿ ಒಬ್ಬ ಮುದುಕನ ಕೈ ಹಿಡಿದರು.

“ಇನ್ನೂ ಕ್ಲೈಮ್ಯಾಕ್ಸ್ ಇದೆ ಯಜಮಾನ್ರೇ, ಅದನ್ನ ನೋಡಿ ಹೋಗಿ.”

“ನೋಡೀವಿ ಬಿಡ್ರಿ ಸ್ವಾಮಿ. ಕೆರ್‍ಯಾಗ ಕೈ ತೊಳಕಂತಾನ. ಬಸ್ ಹೋಗ್ತೈತಿ, ಕೈ ಬಿಡ್ರಿ.”

ಅವರು ಕೈ ಬಿಟ್ಟರು. ತೆರೆಯ ಮೇಲೆ ಕೆರೆ ಬಂದಾಗ ಸಂಘದವರನ್ನು ಬಿಟ್ಟರೆ ಕುರ್ಚಿಗಳೆಲ್ಲ ಖಾಲಿ. ಮಗುವಿನ ಅಳುವನ್ನಾಗಲಿ ಉಪ್ಪನ್ನಾಗಲಿ ನಾನು ಮೊದಲಿನಷ್ಟು ದ್ವೇಷಿಸಲಿಲ್ಲ. ಫೈಟ್ ನಡೆಯುವಾಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಿದ್ದೆ ಎಂದು ಲಲಿತಾ ಹೇಳಿದಳು. ಸುಳ್ಳು.

ದೀಪ ಹಾಕಿದ ಮೇಲೆ ಗುಡೇಕೋಟೆಯವರು ಬಂದು ತಿಪ್ಪೇರುದ್ರಪ್ಪನವರ ಇನ್ನೊಂದು ಪಕ್ಕಕ್ಕೆ ಕೂತರು. ಈಗ ನಗುತ್ತಿರಲಿಲ್ಲ.

“ಎಲ್ಲಿ ಕತ್ತರಿಸಿದ್ರಿ?”

“ಮಾರಿ ಮ್ಯಾಲ್ರಿ. ಮಚ್ಚು ಬೀಳೋಕಿಂತ ಮದಲ.”

ಗುಡೇಕೋಟೆಯವರು ಆ ಜಾಗವನ್ನು ಮತ್ತೆ ಹಾಕಿಸಿದರು. ಬಾಗಿಲು, ಮುಖ. “ಇಲ್ಲಿ?” “ಇನ್ನೊಂದು ಚೂರು ಮುಂದ.” “ಅಷ್ಟು ಯಾಕೆ? ಎರಡು ಸೆಕೆಂಡು ಹಿಂದೇನೇ ಕತ್ತರಿಸಬಹುದಿತ್ತು.” “ಇಲ್ರಿ. ಅಲ್ಲಿ ಆ ಹುಡುಗ ಒಂದ್ಸಲ ಕಣ್ಣು ಮಿಟುಕಸ್ತಾನ್ರಿ. ಅದು ಬೇಕು.”

ಮತ್ತೆ ಹಾಕಿಸಿದರು. ಅವನು ಕಣ್ಣು ಮಿಟುಕಿಸುತ್ತಾನೆ. ನಲವತ್ತು ಸಲದಲ್ಲಿ ನಾನೂ ಅದನ್ನು ಕಂಡಿರಲಿಲ್ಲ. ನಿರ್ದೇಶಕರು ತೆರೆಯನ್ನೇ ನೋಡುತ್ತ ಕೂತರು. ಊಟಕ್ಕೆ ಕರೆಯಲು ಬಂದ ಮೇಷ್ಟ್ರು ಅರ್ಧ ದಾರಿಯಲ್ಲೇ ನಿಂತರು.

ಡಿಸೆಂಬರ್ ೮, ಭಾನುವಾರ

ಸಂಘದ ಸಭೆ ಇತ್ತು. ಗೌರವ ಕೊಟ್ಟದ್ದನ್ನು ಮೇಷ್ಟ್ರು ಸಂಘದ ನಡಾವಳಿ ಪುಸ್ತಕದಲ್ಲಿ ಬರೆಯುತ್ತಿದ್ದರು. ಬೈಲಾದ ಪ್ರಕಾರ ಕಾರಣ ಬರೆಯಬೇಕು. “ಏನಂತ ಬರೀಲವ್ವ? ಕಲ್ಟೋ, ಕಮರ್ಷಿಯಲ್ಲೋ?” ಕನ್ನಡಕ ತೆಗೆಯದೆ ಕೇಳಿದರು.

“ಅದು ಇರಲ್ರಿ ಸರ್. ಮುಂದಿನ ವರ್ಷ ಪಿಕ್ಚರ್ ಐದೂವರೆಗೆ ಶುರು ಆಗಬೇಕು ಅಂತ ಮದಲ ಬರೀರಿ. ಭಾಷಣ ಆಮೇಲೆ. ಬಸ್ ಇಲ್ಲದವರು ಕೂತು ಕೇಳಲಿ” ಎಂದೆ. ಎಲ್ಲರೂ ನನ್ನ ಕಡೆ ತಿರುಗಿದರು. ಮೇಷ್ಟ್ರು ಬರೆದುಕೊಂಡರು.

ಮಧ್ಯಾಹ್ನ ಲಲಿತಾ ಬಲವಂತವಾಗಿ ಗುಡೇಕೋಟೆಯವರ ಹೊಸ ಸಿನಿಮಾಕ್ಕೆ ಎಳೆದುಕೊಂಡು ಹೋದಳು. ಕಥೆ ಏನೂ ಇಲ್ಲ. ಈ ಸಲ ಹೀರೋ ರೈಲು ನಿಲ್ಲಿಸುತ್ತಾನೆ. ಆದರೆ ನಿಲ್ಲಿಸುವ ಮೊದಲು ಅವನ ಮುಖ ತೋರಿಸುತ್ತಾರೆ, ತುಂಬಾ ಹೊತ್ತು. ಅದನ್ನು ಇನ್ನೊಮ್ಮೆ ನೋಡಬೇಕು.

ಗಂಟಲು ಕಟ್ಟಿದೆ. ಅಮ್ಮ ಬಿಸಿನೀರಿಗೆ ಉಪ್ಪು ಹಾಕಿ ಕೊಟ್ಟಿದ್ದಾಳೆ. ಕೂಗಿದ್ದಕ್ಕೆ ಎನ್ನುತ್ತಾಳೆ ಲಲಿತಾ. ಅಲ್ಲ, ಥೇಟರಿನ ಧೂಳಿಗೆ ಇರಬೇಕು.